ಪರದೆಯ ಹಿಂದಿನ ನಿದ್ದೆ

ಬೆಳಗ್ಗೆ ಏಳು ಗಂಟೆ, ವಿದ್ಯಾನಗರದಲ್ಲಿ ಮಹಾಲಿಂಗಣ್ಣನ ಹೋಟೆಲಿನ ಎದುರು. ಘಟನೆಗಳ ಕ್ರಮ ಹೀಗಿತ್ತು: ರಾತ್ರಿಯಿಡೀ ಲಾರಿ ಓಡಿಸಿದ್ದ ನಮಿತಾ ಮೊದಲು ಸೀಟಿನ ಹಿಂದಿನ ಮಂಚದ ಮೇಲೆ ದಿಂಬು, ಹೊದಿಕೆ ಸರಿಪಡಿಸಿದಳು, ಅನಂತರ ಪರದೆ ಎಳೆದಳು, ಕೊನೆಗೆ, ಮುಖ ತೊಳೆದು ಬರೋಣವೆಂದು ಇಳಿದು ಹೋಟೆಲಿನ ಹಿತ್ತಲಿಗೆ ಹೋದಳು. ಇವುಗಳಲ್ಲಿ ಮೊದಲ ಎರಡನ್ನು ಮಾತ್ರ ಅವಳ ಗಂಡ ವಿಜೇತ್ ಬಲ್ಲ. ಮೂರನೆಯದು ನಡೆಯುವಾಗ ಅವನು ಲಾರಿಯ ಆಚೆ ಬದಿಯಲ್ಲಿ ಚಕ್ರಗಳನ್ನು ಬಡಿದು ಗಾಳಿ ನೋಡುತ್ತಿದ್ದ.

ಗಂಡ ಹೆಂಡತಿ ಸರದಿಯಂತೆ ಓಡಿಸುವ ಆ ಲಾರಿ ಕೊಚ್ಚಿಯಿಂದ ರಬ್ಬರ್ ಹೇರಿಕೊಂಡು ಗುಜರಾತಿಗೆ ಹೊರಟಿತ್ತು. ಅದರೊಳಗೆ ಒಂದೇ ಕಾನೂನು: ಪರದೆ ಎಳೆದಿದ್ದರೆ ಹಿಂದೆ ಮಲಗಿದವರನ್ನು ಎಬ್ಬಿಸಬಾರದು, ಇಣುಕಲೂ ಬಾರದು. ವಿಜೇತ್ ಹತ್ತಿ ಕುಳಿತ, ಎಳೆದ ಪರದೆಯನ್ನು ಗೌರವದಿಂದ ನೋಡಿದ, ಹೊರಟ.

ಗೌರವ ಅಷ್ಟಕ್ಕೇ ನಿಲ್ಲಲಿಲ್ಲ. ಅವನು ಹಾಡು ನಿಲ್ಲಿಸಿದ. ಹಾರ್ನ್ ಮುಟ್ಟಲಿಲ್ಲ. ಹೊಂಡ ಬಂದಲ್ಲೆಲ್ಲ ಅಷ್ಟು ರಬ್ಬರನ್ನೂ ತೊಟ್ಟಿಲ ಮಗುವಿನಂತೆ ಇಳಿಸಿ ಹತ್ತಿಸಿದ. ಕುಂಬಳೆ ದಾಟುವಾಗ ಪರದೆಯ ಹಿಂದೆ ನಮಿತಾಳ ಫೋನು ರಿಂಗಾಯಿತು. ನಿಂತಿತು. ಮತ್ತೆ ರಿಂಗಾಯಿತು.

“ಎಂತ ನಿದ್ದೆ ಮಾರಾಯ್ತಿ” ಎಂದು ಮೆಲ್ಲಗೆ ಮೆಚ್ಚಿಕೊಂಡ.

ಉಪ್ಪಳದಲ್ಲಿಯೂ ರಿಂಗಾಯಿತು, ಹೊಸಂಗಡಿಯಲ್ಲಿಯೂ ರಿಂಗಾಯಿತು. ಕುಂಜತ್ತೂರಿನಲ್ಲಿ ಲಾರಿ ನಿಲ್ಲಿಸಲೇಬೇಕಿತ್ತು. ಪ್ರತಿ ಸಲ ಈ ದಾರಿಯಲ್ಲಿ ಹೋಗುವಾಗ ನಮಿತಾಳ ತಾಯಿ ಲೋಲಾಕ್ಷಿ ಒಣಮೀನಿನ ಚಟ್ನಿಯ ಚೀಲ ಹಿಡಿದು ಅಲ್ಲಿ ಕಾಯುತ್ತಿದ್ದರು. ನಿಲ್ಲಿಸಿದ ಕೂಡಲೇ ಫೋನು ಮತ್ತೆ ಕೂಗಿತು. ವಿಜೇತ್ ಮೊದಲ ಬಾರಿಗೆ ಕಾನೂನು ಮುರಿದು ಪರದೆ ಸರಿಸಿದ. ಅಲ್ಲಿ ದಿಂಬಿತ್ತು, ಹೊದಿಕೆಯಿತ್ತು, ಫೋನಿತ್ತು.

“ಎಲ್ಲಿಗೆ ಮುಟ್ಟಿದ್ರಿ?” ಫೋನಿನಲ್ಲಿ ನಮಿತಾಳ ಧ್ವನಿ ಬಹಳ ಶಾಂತವಾಗಿತ್ತು.

“ಕುಂಜತ್ತೂರು.”

“ನನ್ನನ್ನು ಬಿಟ್ಟು ಹೋಗಿದ್ದೀರಿ ಅಂತ ಗೊತ್ತುಂಟಾ?”

“ಈಗ ಗೊತ್ತಾಯ್ತು. ನನಗೇ ಯಾಕೆ ಫೋನ್ ಮಾಡ್ಲಿಲ್ಲ ನೀನು?”

“ನಿಮ್ಮ ನಂಬರ್ ಯಾರಿಗೆ ಬಾಯಿಪಾಠ ಉಂಟು? ನನ್ನದು ಮಾತ್ರ ಗೊತ್ತಿರುದು. ಮಹಾಲಿಂಗಣ್ಣನ ಫೋನಿಂದ ಮಾಡ್ತಾ ಇದ್ದೇನೆ. ಗಂಡ ಡೀಸೆಲ್ ಹಾಕ್ಲಿಕ್ಕೆ ಹೋಗಿದ್ದಾರೆ ಅಂತ ಹೇಳಿ ಮರ್ಯಾದೆ ಉಳಿಸಿದ್ದೇನೆ. ಅಮ್ಮನಿಗೆ ಮಾತ್ರ ಗೊತ್ತಾಗ್ಬಾರ್ದು.”

ವಿಜೇತನ ಕಿವಿಗಳು ಸೈಲೆನ್ಸರಿನಂತೆ ಕಾದವು. ಮಗಳು ಲಾರಿ ಹತ್ತುವುದಕ್ಕೆ ಲೋಲಾಕ್ಷಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ರಸ್ತೆಯಲ್ಲಿ ಅವಳನ್ನು ಒಬ್ಬಳನ್ನೇ ಬಿಟ್ಟದ್ದು ತಿಳಿದರೆ ಅಂದೇ ಮನೆಗೆ ಕರೆತರುವುದು. ಹಾಗಾದರೆ ಮುಂದೆ ಅವನು ಒಂದು ಕಡೆ, ಅವಳು ಒಂದು ಕಡೆ. ಅತ್ತೆ ಲಾರಿಯ ಬಳಿ ಬರುವಷ್ಟರಲ್ಲಿ ಅವನು ಪರದೆ ಎಳೆದು ಕೆಳಗೆ ಹಾರಿದ.

“ಮಗಳು ಎಲ್ಲಿ?” ಎಂದರು ಲೋಲಾಕ್ಷಿ.

“ಮಲಗಿದ್ದಾಳೆ ಅತ್ತೆ. ಪರದೆ ಎಳೆದಿದ್ದಾಳೆ.”

“ಮಲಗಲಿ ಪಾಪ. ಚೀಲ ನಾನೇ ಮೆಲ್ಲ ಒಳಗೆ ಇಡ್ತೇನೆ. ನೀವು ಬೊಬ್ಬೆ ಹಾಕ್ಬೇಡಿ.”

ತಡೆಯಲು ಬಾಯಿ ತೆರೆಯುವಷ್ಟರಲ್ಲಿ ಆಟೋ ಓಡಿಸುವ ಬಟ್ಯ ಎದುರು ನಿಂತಿದ್ದ. ಲಾರಿ ತಿರುಗಿಸಲು ಎಲ್ಲಿ ಜಾಗವಿದೆ ಎಂದು ವಿಜೇತ್ ಅವನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ.

“ಗುಜರಾತ್ ಆ ಕಡೆ ಅಲ್ವಾ ಮಾರಾಯ? ಅಥವಾ ಅದನ್ನೂ ಈಗ ಬದಲಿಸಿದ್ರಾ?”

“ಒಂದು ಸಾಮಾನು ಮರೆತು ಬಂದಿದ್ದೇನೆ.”

“ಅಷ್ಟು ದೊಡ್ಡದಾ?”

“ಹೌದು” ಎಂದ ವಿಜೇತ್, ನೆಲ ನೋಡುತ್ತ.

ಜಾಗ ನೋಡಿ ಬಂದಾಗ ಅತ್ತೆ ಕಾಣಿಸಲಿಲ್ಲ. ಪರದೆ ಎಳೆದಂತೆಯೇ ಇತ್ತು. ಒಣಮೀನಿನ ವಾಸನೆ ಬರುತ್ತಿತ್ತು. ಚೀಲವನ್ನು ಪರದೆಯಡಿ ತೂರಿಸಿ, ಇಣುಕದೆ ಮನೆಗೆ ಹೋಗಿರುತ್ತಾರೆ ಎಂದು ನಿರ್ಣಯಿಸಿ, ಲಾರಿ ತಿರುಗಿಸಿ ಓಡಿಸಿದ. ಈ ಬಾರಿ ಒಂದು ಹೊಂಡವನ್ನೂ ತಪ್ಪಿಸಲಿಲ್ಲ.

ಉಪ್ಪಳದ ಬಳಿ ಶಶಾಂಕನ ಫೋನು ಬಂತು. ಅದೇ ದಾರಿಯಲ್ಲಿ ಹಿಂದಿನಿಂದ ಬರುತ್ತಿದ್ದ ಇನ್ನೊಬ್ಬ ಲಾರಿ ಚಾಲಕ ಅವನು. ವಿಜೇತ್ ಫೋನನ್ನು ಎದುರಿಟ್ಟು ಸ್ಪೀಕರ್ ಒತ್ತಿದ.

“ನಿನ್ನ ಹೆಂಡತಿ ಇಲ್ಲಿ ಮಹಾಲಿಂಗಣ್ಣನ ಹೋಟ್ಲಲ್ಲಿ ಈರುಳ್ಳಿ ಕೊಯ್ತಾ ಇದ್ದಾಳೆ. ಹೊಸ ಕೆಲಸವಾ? ಡೀಸೆಲ್ ಹಾಕ್ಲಿಕ್ಕೆ ನೀನು ಅರಬ್ ದೇಶಕ್ಕೇ ಹೋದದ್ದಾ ಅಂತ ಎಲ್ಲರೂ ಕೇಳ್ತಿದ್ದಾರೆ.”

“ನಗಾಡ್ಬೇಡ ಮಾರಾಯ. ನಾಚಿಕೆಯಿಂದ ಸಾಯ್ತಾ ಇದ್ದೇನೆ. ಒಂದು ವಿಷಯ, ಯಾರಿಗೂ ಹೇಳ್ಬೇಡ. ಅತ್ತೆಯ ಕಿವಿಗೆ ಬಿದ್ರೆ ನನ್ನ ಕತೆ ಮುಗೀತು.”

“ಅವರು ಅಷ್ಟು ಜೋರಾ?”

“ಜೋರಾ ಅಂತ ಕೇಳ್ತಿಯಾ? ಅವರ ಬಾಯಿ ಏರ್ ಹಾರ್ನ್. ಒಮ್ಮೆ ಒತ್ತಿದ್ರೆ ತಲಪಾಡಿಯಿಂದ ಕಾಸರಗೋಡಿನವರೆಗೆ ಎಲ್ಲರೂ ಬದಿಗೆ ಸರೀಬೇಕು.”

ಶಶಾಂಕ ನಕ್ಕ. ವಿಜೇತನೂ ಸ್ವಲ್ಪ ನಕ್ಕ. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ವಿದ್ಯಾನಗರದಲ್ಲಿ ಹೋಟೆಲಿನ ಗಿರಾಕಿಗಳೆಲ್ಲ ಚಹಾದ ಗ್ಲಾಸು ಹಿಡಿದೇ ಹೊರಬಂದು ಲಾರಿಯನ್ನು ಮದುಮಗನ ದಿಬ್ಬಣದಂತೆ ಬರಮಾಡಿಕೊಂಡರು. “ಡೀಸೆಲ್ ಸಿಕ್ಕಿತಾ?” ಎಂದು ಮಹಾಲಿಂಗಣ್ಣ ವಿಚಾರಿಸಿದರು. ವಿಜೇತ್ ತಲೆ ಎತ್ತಲಿಲ್ಲ. ನಮಿತಾ ಈರುಳ್ಳಿಯಿಂದ ಕೆಂಪಾದ ಕಣ್ಣುಗಳೊಂದಿಗೆ ಹತ್ತಿ ಪಕ್ಕದಲ್ಲಿ ಕುಳಿತಳು.

“ತಪ್ಪಾಯ್ತು” ಎಂದ ವಿಜೇತ್.

“ಅದು ಆಮೇಲೆ. ಅಮ್ಮನಿಗೆ ಗೊತ್ತಾಯ್ತಾ?”

“ಇಲ್ಲ. ನೀನು ಮಲಗಿದ್ದೀ ಅಂದೆ. ನಂಬಿದ್ರು ಪಾಪ.” ಅವನ ಧ್ವನಿಯಲ್ಲಿ ಮೊದಲ ಬಾರಿ ಸ್ವಲ್ಪ ಹೆಮ್ಮೆ ಇಣುಕಿತು.

“ಚಟ್ನಿ ಎಲ್ಲಿ ಹಾಗಾದ್ರೆ? ವಾಸನೆ ಬರ್ತಾ ಉಂಟು” ಎಂದು ನಮಿತಾ ಪರದೆ ಸರಿಸಿದಳು.

ಮಂಚದ ಮೇಲೆ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ದಿಂಬಿಗೊರಗಿ ಲೋಲಾಕ್ಷಿ ಕುಳಿತಿದ್ದರು.

“ಮಗಳ ಮುಖವನ್ನಾದ್ರೂ ನೋಡುವ ಅಂತ ಇಣುಕಿದೆ” ಎಂದರು. “ಬರೀ ದಿಂಬು ಉಂಟು. ಅಳಿಯಂದಿರು ಎಲ್ಲಿಗೆ ಹೋಗ್ತಾರೆ ನೋಡುವ ಅಂತ ಕೂತೆ. ದಾರಿಯಲ್ಲಿ ಏರ್ ಹಾರ್ನ್ ವಿಷಯ ಒಳ್ಳೆ ವಿವರಿಸಿದ್ರು.”

ವಿಜೇತ್ ಸ್ಟೀರಿಂಗನ್ನು ಎರಡೂ ಕೈಗಳಿಂದ ಹಿಡಿದುಕೊಂಡ, ಲಾರಿ ನಿಂತಿದ್ದರೂ.

“ಮಗಳನ್ನು ಕರ್ಕೊಂಡು ಹೋಗ್ತೀರಾ ಅತ್ತೆ?”

“ಇಲ್ಲ. ಅವಳು ಬಂದ್ರೆ ಗುಜರಾತಿಗೆ ನಿಮ್ಮ ಒಟ್ಟಿಗೆ ಯಾರು ಹೋಗುದು? ನಾನೇ ಬರ್ತೇನೆ. ಇವತ್ತೇ. ಮುಂದಿನ ಸಲವೂ. ಈ ಮಂಚ ನನಗೆ ಸಾಕು. ನೀವಿಬ್ಬರು ಎದುರು ಕೂತು ತೂಕಡಿಸಿ.” ಅವರು ಪರದೆಯನ್ನು ಕೊಂಡಿಗಳಿಂದ ಒಂದೊಂದಾಗಿ ಬಿಡಿಸಿ, ಮಡಚಿ, ಚೀಲಕ್ಕೆ ಸೇರಿಸಿದರು. “ಇದು ಇನ್ನು ಬೇಡ.”

ಫಲಿತಾಂಶ ಇಷ್ಟು: ಎಳೆದ ಪರದೆಯ ಹಿಂದೆ ಹೆಂಡತಿ ಇದ್ದಾಳೆಂದು ವಿಜೇತ್ ನಂಬಿದಾಗ ಅಲ್ಲಿ ಯಾರೂ ಇರಲಿಲ್ಲ, ಯಾರೂ ಇಲ್ಲವೆಂದು ನಂಬಿದಾಗ ಅಲ್ಲಿ ಅತ್ತೆ ಇದ್ದರು.