ಲಂಗೋಟಿಯ ಸಾಕ್ಷಿ

ಐವತ್ತು ದಾಟಿದ ಗಂಡಸು ತನ್ನ ಮರ್ಯಾದೆಗೆ ಇನ್ನೇನೂ ಅಪಾಯವಿಲ್ಲ ಎಂದು ನಂಬಿರುತ್ತಾನೆ. ನಾನೂ ನಂಬಿದ್ದೆ. ಇಂದಿರಾನಗರದ ಪೇಟೆಂಟ್ ವಕೀಲರೊಬ್ಬರ ಆಫೀಸಿನಲ್ಲಿ ನನಗೆ ಕೆಲಸ. ಬೀಗರು ಕೇಳಿದರೆ ‘ಸಂಶೋಧನೆ’ ಎನ್ನುತ್ತೇನೆ. ನಿಜ ಹೇಳಬೇಕೆಂದರೆ, ಈ ವರ್ಷವೆಲ್ಲ ಮಕ್ಕಳ ಡೈಪರುಗಳನ್ನು ಎಳೆದು, ಬಗ್ಗಿಸಿ, ನೀಲಿ ನೀರು ಸುರಿದು ನೋಡಿದ್ದೇ ಆಯಿತು. ಮಧ್ಯಾಹ್ನ ಅದೇ ಮೇಜಿನ ಮೇಲೆ ಮೊಸರನ್ನ ತಿನ್ನಬೇಕು, ಹೊಟ್ಟೆಪಾಡು.

ಜಗಳ ಇಷ್ಟೇ. ತೊಡೆಯ ಪಕ್ಕದಲ್ಲಿ ಪುಟ್ಟ ಗೋಡೆಯಂತೆ ನಿಂತು ಸೋರದಂತೆ ತಡೆಯುವ ಅಂಚು ತನ್ನದೇ ಆವಿಷ್ಕಾರ ಎಂದು ಒಂದು ದೊಡ್ಡ ಕಂಪನಿ ಪೇಟೆಂಟ್ ಕೇಳಿತ್ತು. ಅದು ಸಿಕ್ಕಿಬಿಟ್ಟರೆ ಕೆ.ಆರ್. ಪುರದ ನಮ್ಮ ಸಣ್ಣ ಕಕ್ಷಿದಾರರು ಅಂಗಡಿ ಮುಚ್ಚಬೇಕು. ಅಂಥ ಅಂಚು ಹಿಂದೆಯೇ ಇತ್ತೆಂದು ತೋರಿಸಿದರೆ ಪೇಟೆಂಟ್ ಸಿಗದು; ತೋರಿಸುವ ಹೊಣೆ ನನ್ನದು. ಮೂರು ತಿಂಗಳು ಜಪಾನು, ಜರ್ಮನಿಯ ಕಡತಗಳನ್ನೆಲ್ಲ ಜಾಲಾಡಿದೆ. ಏನೂ ಸಿಗಲಿಲ್ಲ. ನಮ್ಮ ವಕೀಲರಾದ ಮೇಡಂ, ‘ಇನ್ನೊಂದು ವಾರ ನೋಡ್ತೀನಿ ರೀ, ಆಮೇಲೆ ಈ ಕೆಲ್ಸಕ್ಕೆ ಬೇರೆಯವ್ರನ್ನ ತಗೋತೀನಿ’ ಎಂದರು. ನನಗೆ ನಿಜಕ್ಕೂ ಭಯವಾಯಿತು. ಈ ವಯಸ್ಸಿನಲ್ಲಿ ಇನ್ನೆಲ್ಲಿ ಕೆಲಸ ಹುಡುಕಲಿ?

ಅವತ್ತು ಮನೆಯಲ್ಲಿ ಸ್ಯಾಂಪಲ್ ಹಿಡಿದು ಕೂತಿದ್ದಾಗ ಅಮ್ಮ ಕನ್ನಡಕ ಏರಿಸಿದಳು. ‘ಮರ್ಫಿ ಟೌನಲ್ಲಿದ್ದಾಗ ನಾನು ಹೊಲಿದು ಮಾರ್ತಿದ್ನಲ್ಲ, ಆ ಲಂಗೋಟಿ ಥರಾನೇ ಇದೆಯಲ್ಲೋ.’ ಟ್ರಂಕಿನಿಂದ ಒಂದು ಫೋಟೋ ತೆಗೆದಳು. ಗಿರಾಕಿಗಳಿಗೆ ತೋರಿಸಲೆಂದು ಶಿವಾಜಿನಗರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಎರಡೂ ಅಂಚು ಸ್ಪಷ್ಟವಾಗಿವೆ. ಹಿಂದುಗಡೆ ಸ್ಟುಡಿಯೋದ ಮುದ್ರೆ, ತಾರೀಖು. ಲಂಗೋಟಿಯ ಒಳಗೆ ನಾನು.

ಮೇಡಂ ಕುಣಿಯುವುದೊಂದು ಬಾಕಿ. ಅಮ್ಮನ ಅಫಿಡವಿಟ್ಟನ್ನು ನಾನೇ ಸ್ಟಾಂಪ್ ಪೇಪರಿನ ಮೇಲೆ ಟೈಪ್ ಮಾಡಿ, ಹಲಸೂರಿನ ನೋಟರಿಯ ಮುಂದೆ ಓದಿ ಹೇಳಿದೆ: ‘ಫೋಟೋದಲ್ಲಿರುವ ಮಗು ನನ್ನ ಮಗ. ಆಗ ಅವನ ವಯಸ್ಸು ಒಂದು.’

ಅಮ್ಮ ಪೆನ್ನು ಕೆಳಗಿಟ್ಟಳು. ‘ಒಂದೆಲ್ಲಿ ಬಂತೋ? ನಾಲ್ಕೂವರೆ. ಸ್ಕೂಲಿಗೆ ಸೇರಿದ್ಮೇಲೂ ನಿಂದು ಅದೇ ಗತಿ.’

‘ವಯಸ್ಸು ಯಾರೂ ನೋಡಲ್ಲಮ್ಮ’ ಎಂದು ಪಿಸುಗುಟ್ಟಿದೆ.

‘ಪ್ರಮಾಣ ಮಾಡಿ ಸುಳ್ಳು ಹೇಳು ಅಂತೀಯಾ?’

ನೋಟರಿ ನನ್ನನ್ನೇ ನೋಡುತ್ತಿದ್ದರು. ‘ಒಂದು’ ಎಂಬುದನ್ನು ಹೊಡೆದುಹಾಕಿ ‘ನಾಲ್ಕೂವರೆ’ ಎಂದು ಬರೆದೆ. ಅಫಿಡವಿಟ್ಟಿನಲ್ಲಿ ತಿದ್ದಿದ ಕಡೆ ಪಕ್ಕದಲ್ಲೇ ಸಹಿ ಹಾಕುವುದು ಪದ್ಧತಿ. ಅಮ್ಮ ಅದನ್ನು ಸಾಕಷ್ಟು ದೊಡ್ಡದಾಗಿಯೇ ಹಾಕಿದಳು.

ಪೇಟೆಂಟ್ ಕಚೇರಿಯ ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಅಧಿಕಾರಿಗಳ ಕಣ್ಣು ನೆಟ್ಟಗೆ ಆ ಸಹಿಯ ಮೇಲೇ ಬಿತ್ತು. ಫೋಟೋ ನೋಡಿದರು, ವಯಸ್ಸು ನೋಡಿದರು, ಮತ್ತೆ ಫೋಟೋ ನೋಡಿದರು. ‘ಈ ಮಗು ಈಗ ಎಲ್ಲಿದೆ?’ ಎಂದು ಕೇಳಿದರು. ಮೇಡಂ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ‘ಇಲ್ಲೇ ಇದೆ ಸರ್’ ಎಂದೆ, ಬಿಳಿ ಮೀಸೆ ಒರೆಸಿಕೊಳ್ಳುತ್ತ.