ಚಪ್ಪಲಿ ನೋಡಿ ಭಾಷಣ

ನಮ್ಮ ಚಿಕ್ಕಮಾವ, ಅಂದರೆ ನನ್ನ ಯಜಮಾನರ ಚಿಕ್ಕಪ್ಪ, ಜನರ ಮುಖ ನೋಡಿ ಮಾತಾಡುವವರಲ್ಲ. ಚಪ್ಪಲಿ ನೋಡಿ ಮಾತಾಡುವವರು! ನಂಬುವುದಿಲ್ಲವೇ? ಮಾತಾಡುವಾಗ ಎದುರಿನವರ ಕಣ್ಣು ನೋಡಬೇಕೆಂದು ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೇಳಿ ಹೇಳಿ ಸುಸ್ತಾಗಿದ್ದರು. ಇವರನ್ನು ಕಂಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರೋ ಏನೋ.

ಭದ್ರಾವತಿಯ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಿಂದ ನಿವೃತ್ತರಾದ ಮೇಲೆ ಅವರು ಹಿಡಿದ ವ್ರತ ಒಂದೇ: ಸ್ಕೂಟರ್ ಓಡಿಸುವ ಪ್ರತಿ ತಲೆಗೂ ಹೆಲ್ಮೆಟ್ ಹಾಕಿಸುವುದು. ಯಾರು ಕರೆದರೂ ಹೋಗಿ ಭಾಷಣ ಮಾಡುತ್ತಾರೆ, ಕರೆಯದಿದ್ದರೂ! ಸಭೆ ತುಂಬುವ ಹೊತ್ತಿಗೆ ಬಾಗಿಲಲ್ಲಿ ಕೈ ಹಿಂದೆ ಕಟ್ಟಿ ನಿಂತು, ರಾಶಿ ಬಿದ್ದ ಚಪ್ಪಲಿಗಳನ್ನು ಓದುತ್ತಾರೆ. ಹಿಮ್ಮಡಿ ಸವೆದಿದ್ದರೆ ಅವಸರದ ಜನ, ಹತ್ತೇ ನಿಮಿಷ. ಸಾಲಾಗಿ ಜೋಡಿಸಿ ಬಿಟ್ಟಿದ್ದರೆ ಶಿಸ್ತಿನವರು, ಅರ್ಧ ಗಂಟೆ ಕೊರೆಯಬಹುದು. ಒಮ್ಮೆ ವಾಚ್‌ಮನ್ ಬಂದು, “ಏನ್ ಸಾರ್, ಸೈಜ್ ಸಿಗ್ತಿಲ್ವಾ?” ಎಂದು ಕೇಳಿದ್ದೂ ಉಂಟು.

ಆದರೆ ಫಲವಿತ್ತು ಅನ್ನಿ. ಶಿವಮೊಗ್ಗದ ಮಂಡಿ ವ್ಯಾಪಾರಿಗಳಿಗೆ, “ಅಡಿಕೆ ಮೂಟೆಗೆ ಟಾರ್ಪಾಲು ಹೊದಿಸ್ತೀರಿ, ತಲೆ ಏನು ಪಾಪ ಮಾಡಿದೆ?” ಎಂದರು. ನಮ್ಮ ವಿನೋಬನಗರದ ಮಹಿಳಾ ಸಂಘದಲ್ಲಿ, “ಹಾಲಿನ ಪಾತ್ರೆಗೆ ಮುಚ್ಚಳ ಹಾಕದೆ ಮಲಗ್ತೀರೇನಮ್ಮಾ?” ಎಂದರು. ಮೆಕ್ಯಾನಿಕ್‌ಗಳ ಸಭೆಯಲ್ಲಿ ಗ್ರೀಸ್ ಮೆತ್ತಿದ ಚಪ್ಪಲಿ ಕಂಡವರೇ, “ಭಾಯ್, ಗಾಡಿ ಡೆಂಟ್ ತೆಗೆಯೋಕೆ ನೀವಿದ್ದೀರಿ. ತಲೆ ಡೆಂಟ್ ತೆಗೆಯೋ ಗ್ಯಾರೇಜು ಎಲ್ಲಿದೆ ಹೇಳಿ!” ಎಂದರು. ಭಾಷಣ ಒಂದೇ, ಅಂಗಿ ಬೇರೆ ಬೇರೆ.

ಎಡವಿದ್ದು ಒಮ್ಮೆ. ಭದ್ರಾವತಿಯ ಸಮುದಾಯ ಭವನದ ಬಾಗಿಲಲ್ಲಿ ಮಿಂಚುವ ಮಣಿಗಳ, ಎತ್ತರ ಹಿಮ್ಮಡಿಯ ಚಪ್ಪಲಿಗಳೇ ತುಂಬಿದ್ದವು. ಕಾಲೇಜು ಹುಡುಗಿಯರು ಎಂದು ತೀರ್ಮಾನಿಸಿ, ತಲೆ ತಗ್ಗಿಸಿ ಟಿಪ್ಪಣಿ ನೋಡುತ್ತಲೇ ವೇದಿಕೆ ಹತ್ತಿ ಶುರುಮಾಡಿದರು: “ಹೆಲ್ಮೆಟ್ ಹಾಕಿದ್ರೆ ಕೂದಲು ಹಾಳಾಗುತ್ತೆ ಅಂತ ಹೆದರ್ಬೇಡಿ!” ತಲೆ ಎತ್ತಿದರೆ ಎದುರಿಗೆ ನಿವೃತ್ತ ನೌಕರರ ಸಂಘ! ಆ ಚಪ್ಪಲಿಗಳೆಲ್ಲ ಮಹಡಿಯ ಮೇಲಿನ ಸೀಮಂತಕ್ಕೆ ಬಂದವರವು. ಇವರೆಲ್ಲ ಕಾಲಿಗೆ ಥಂಡಿ ಎಂದು ಬೂಟು ಹಾಕಿಕೊಂಡೇ ಒಳಗೆ ಕೂತಿದ್ದರು. ಮುಂದಿನ ಸಾಲಿನ ಬೋಳುತಲೆಯ ಹಿರಿಯರು ಎದ್ದು, “ಆ ಹೆದರಿಕೆ ಬಿಟ್ಟು ಇಪ್ಪತ್ತು ವರ್ಷ ಆಯ್ತು ಮಾರಾಯ್ರೇ!” ಎಂದರು.

ಇಂಥವರ ಮಾತಿಗೆ ಬಗ್ಗದವರು ಊರಿಗೆಲ್ಲ ಒಬ್ಬರೇ: ಅವರ ಹೆಂಡತಿ, ನಮ್ಮ ಚಿಕ್ಕತ್ತೆ.

ಭದ್ರಾವತಿ ನ್ಯೂ ಟೌನಿನ ತಮ್ಮ ಮನೆಯ ಮೆಟ್ಟಿಲಲ್ಲಿ ಜಾರಿಬಿದ್ದು ಅತ್ತೆಯ ಕಾಲು ಮುರಿದಿತ್ತು. ಬ್ಯಾಂಡೇಜು ಬಿಚ್ಚಿ ಎರಡು ತಿಂಗಳಾದರೂ ಅವರು ಹೊಸಿಲು ದಾಟಿರಲಿಲ್ಲ. ಇನ್ನೂ ಕೂತೇ ಇದ್ದರೆ ಕಾಲು ಹಾಗೇ ಬಿಗಿದುಕೊಂಡು ಉಳಿದುಬಿಡುತ್ತದೆ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ನಾನು ನೋಡಲು ಹೋದ ದಿನ ಮಾವ ಮಂಚದ ಮುಂದೆ ನಿಂತು, ಕೈ ಬೀಸಿ, ವ್ಯಾಪಾರಿಗಳ ಭಾಷಣದಿಂದ ಮೆಕ್ಯಾನಿಕ್‌ಗಳ ಭಾಷಣದವರೆಗೆ ಎಲ್ಲವನ್ನೂ ಕಾಲಿಗೆ ಹೊಂದಿಸಿ ಒಪ್ಪಿಸುತ್ತಿದ್ದರು.

“ಮೈಕ್ ಆಫ್ ಮಾಡ್ರೀ, ತಲೆ ನೋಯ್ತಿದೆ” ಎಂದು ಅತ್ತೆ ಗೋಡೆಗೆ ತಿರುಗಿದರು.

“ಸೋಮಾರಿತನಕ್ಕೆ ಮದ್ದಿಲ್ಲ ಕಣಮ್ಮಾ” ಎಂದು ಮಾವ ನನ್ನ ಜೊತೆ ಹೊರಗೆ ಬಂದರು. ನಾನು ಕೇಳಿದೆ: “ಮಾವ, ಅತ್ತೆಯ ಚಪ್ಪಲಿ ನೋಡಿದ್ರಾ?”

ಬಿದ್ದ ದಿನ ಅತ್ತೆ ಮೆಟ್ಟಿದ್ದ ಅವು ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿದ್ದವು. ಮೇಲೆ ಧೂಳು, ಪಟ್ಟಿಯಿಂದ ಪಟ್ಟಿಗೆ ಜೇಡನ ಎಳೆ. ಮಾವ ಒಂದನ್ನು ಎತ್ತಿ ತಿರುವಿದರು. ಅಡಿ ಸವೆದು ಸವೆದು ಗಾಜಿನಂತೆ ನುಣ್ಣಗಾಗಿತ್ತು. ಊರಿನವರ ಚಪ್ಪಲಿಯನ್ನೆಲ್ಲ ಓದಿದವರು ಅದರ ಮೇಲೆ ತುಂಬ ಹೊತ್ತು ಬೆರಳಾಡಿಸಿದರು. ಆಮೇಲೆ ಜೋಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಮರಳಿ ಬಂದಾಗ ಅವುಗಳ ಅಡಿಗೆ ಗೀರುಗೀರಿನ ದಪ್ಪ ರಬ್ಬರ್ ಅಂಟಿತ್ತು.

ತಮ್ಮ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋದವರು ಈ ಸಲ ನಿಲ್ಲಲಿಲ್ಲ. ಅತ್ತೆಯ ಪಾದದ ಬಳಿ ನೆಲದ ಮೇಲೆ ಕೂತು, ಆ ಜೋಡಿಯನ್ನು ಮುಂದಿಟ್ಟರು.

“ನೀನು ಬಿದ್ದಾಗಿಂದ ನಂಗೂ ಹೆದರಿಕೆ ಕಣೇ. ಗೇಟಿನ ತನಕ ಅಷ್ಟೇ, ಕೈ ಹಿಡ್ಕೊಂಡು ಹೋಗೋಣ.”

“ದಾರೀಲಿ ಭಾಷಣ ಮಾಡಲ್ವಲ್ಲ?”

“ಇಲ್ಲ.”

ಒಂದೊಂದೇ ಮೆಟ್ಟಿಲಿಳಿದು ಇಬ್ಬರೂ ಗೇಟಿನತ್ತ ನಡೆದರು. ನಾನು ಬಾಗಿಲಲ್ಲಿ ನಿಂತಿದ್ದೆ. ಕಾಲ ಬಳಿ ಒಂದು ಜೋಡಿ ಚಪ್ಪಲಿ ಅಲ್ಲೇ ಉಳಿದಿತ್ತು. ಮಾವ ತಮ್ಮದನ್ನು ಮೆಟ್ಟಿಕೊಳ್ಳುವುದನ್ನೇ ಮರೆತಿದ್ದರು.