ಕಾರಿಟ್ಟುಕೊಂಡು ಕುದುರೆ ಹತ್ತಿದವರು

ಬೇರೆಯವರ ಬಾಳಿನಲ್ಲಿ ಶನಿ, ರಾಹು, ಕೇತುಗಳು ಬಂದು ಹೋಗುತ್ತಾರಂತೆ. ನನ್ನ ಬಾಳಿನಲ್ಲಿ ಕೌಬಾಯ್‌ಗಳು ಬರುತ್ತಾರೆ. ಬಂದಾಗಲೆಲ್ಲ ಏನಾದರೊಂದು ಫಜೀತಿ ಮಾಡಿಯೇ ಹೋಗುತ್ತಾರೆ.

ನಾನು ಸಿಂಗಾಪುರದ ಒನ್-ನಾರ್ತ್ ಬಡಾವಣೆಯ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಹಳೆಯ ಟಿವಿ ಕಾರ್ಯಕ್ರಮಗಳ ರೀಲುಗಳನ್ನು ಒರೆಸಿ, ಸ್ಕ್ಯಾನ್ ಮಾಡಿ, ಕಂಪ್ಯೂಟರಿಗೆ ಹಾಕುವುದು ನಮ್ಮ ಕಸುಬು. ವಯಸ್ಸು ಅರವತ್ತು ದಾಟಿದೆ. ನಮ್ಮ ಕಂಪನಿಯಲ್ಲಿ ಈ ವಯಸ್ಸಿನವರಿಗೆ ವರ್ಷ ವರ್ಷವೂ ಕಾಂಟ್ರಾಕ್ಟ್ ರಿನ್ಯೂ ಆಗಬೇಕು. ನನ್ನದು ಡಿಸೆಂಬರಿಗೆ ಮುಗಿಯುವುದರಲ್ಲಿತ್ತು. ಕೊಡುತ್ತಾರೋ ಇಲ್ಲವೋ ಎಂಬ ಚಡಪಡಿಕೆಯಲ್ಲಿ ಆ ವರ್ಷವೆಲ್ಲ ಕೂತಲ್ಲಿ ಕೂರಲಾಗಲಿಲ್ಲ. ಹಾಗೆ ನೋಡಿದರೆ ನಾನು ಹುಟ್ಟಿದಾಗಿನಿಂದಲೂ ಕೂತಲ್ಲಿ ಕೂತವನಲ್ಲ. ಮನೆಯಲ್ಲಿ ಖಾಲಿ ಕೂರಬೇಕಾದೀತು ಎಂದು ನೆನೆದರೇ ನನಗೆ ಅಂಗಾಲು ಉರಿಯುತ್ತದೆ. ಅಂಥ ಹೊತ್ತಿನಲ್ಲೇ ಕೌಬಾಯ್‌ಗಳು ಮತ್ತೆ ಬಂದರು. ಆದರೆ ಮೊದಲ ಸಲ ಅವರು ಬಂದದ್ದನ್ನು ಮೊದಲು ಹೇಳಬೇಕು.

೧. ಅಪ್ಪನ ಪ್ರಶ್ನೆ

ಅಪ್ಪ ಬ್ಯಾಂಕಿನ ಕೆಲಸದ ಮೇಲೆ ಮೈಸೂರಿನಿಂದ ಸಿಂಗಾಪುರಕ್ಕೆ ಬಂದಾಗ ನನಗೆ ಏಳು ವರ್ಷ. ಟೋವಾ ಪಾಯೋದಲ್ಲಿ ನಮ್ಮ ಮನೆ. ನಮ್ಮಲ್ಲಿ ಟಿವಿ ಇರಲಿಲ್ಲ, ಪಕ್ಕದ ಮನೆಯ ಚೀನೀ ಆಂಟಿಯ ಹತ್ತಿರ ಇತ್ತು. ಆಕೆ ಬಾಗಿಲು ತೆಗೆದಿಟ್ಟು ಕಬ್ಬಿಣದ ಗೇಟನ್ನು ಮಾತ್ರ ಹಾಕುತ್ತಿದ್ದಳು. ಕಾರಿಡಾರಿನ ಮಕ್ಕಳೆಲ್ಲ ಗೇಟಿನ ಸರಳು ಹಿಡಿದುಕೊಂಡು ಹೊರಗಿನಿಂದಲೇ ನೋಡುತ್ತಿದ್ದೆವು.

ಅಲ್ಲಿ ಕಪ್ಪು ಬಿಳುಪಿನ ಕೌಬಾಯ್ ಕಾರ್ಯಕ್ರಮ ಬರುತ್ತಿತ್ತು. ಧೂಳು, ಕುದುರೆ, ಪಿಸ್ತೂಲು. ಅಮೆರಿಕದ ರೀಲನ್ನು ಬಂದ ಹಾಗೇ ಹಾಕುತ್ತಿದ್ದರೋ ಏನೋ, ನಡುನಡುವೆ ಪ್ರಾಯೋಜಕರಾದ ಕಾರು ಕಂಪನಿಯವರ ಜಾಹೀರಾತೂ ಬರುತ್ತಿತ್ತು. ಅದರಲ್ಲಿ ನಿಲ್ಲುತ್ತಿದ್ದವನು ಬೇರೆ ಯಾರೂ ಅಲ್ಲ, ಅದೇ ಹೀರೋ. ಈಗ ತಾನೇ ಮೂರು ಜನರನ್ನು ಸುಟ್ಟು ಕೆಡವಿ ಬಂದವನು ಅದೇ ಟೋಪಿಯಲ್ಲಿ, ಅದೇ ಬೂಟಿನಲ್ಲಿ ಉದ್ದನೆಯ ಹೊಸ ಕಾರಿಗೆ ಒರಗಿಕೊಂಡು, ಡಿಕ್ಕಿ ತೆಗೆದು ತೋರಿಸಿ, ಇಂಥ ಕಾರು ಇನ್ನೊಂದಿಲ್ಲ ಎನ್ನುತ್ತಿದ್ದ. ನನಗೆ ಕುದುರೆಗಿಂತ ಆ ಕಾರೇ ಇಷ್ಟ. ಅದು ಬಂದಾಗ ಮೈ ಜುಮ್ ಎನ್ನುತ್ತಿತ್ತು.

ಒಂದು ಸಂಜೆ ಅಪ್ಪ ನನ್ನನ್ನು ಊಟಕ್ಕೆ ಕರೆಯಲು ಬಂದವರು ಗೇಟಿನ ಹತ್ತಿರ ನಿಂತೇ ಬಿಟ್ಟರು. ಹೀರೋ ಕಾರು ಹೊಗಳಿ ಮುಗಿಸಿದ. ಮರುಕ್ಷಣ ಮತ್ತೆ ಕುದುರೆ ಮೇಲೆ, ಮರುಭೂಮಿಯಲ್ಲಿ, ನೀರಿಲ್ಲದೆ ಬಾಯಿ ಒಣಗಿಸಿಕೊಂಡು ಹೋಗುತ್ತಿದ್ದ. ಅಪ್ಪನಿಗೆ ತಡೆಯಲಾಗಲಿಲ್ಲ.

"ಅಲ್ವೋ, ಮನೇಲಿ ಅಷ್ಟು ಒಳ್ಳೇ ಕಾರಿಟ್ಕೊಂಡು ಈ ಪುಣ್ಯಾತ್ಮ ಯಾಕೋ ಬಿಸಿಲಲ್ಲಿ ಕುದುರೆ ಮೇಲೆ ಸಾಯ್ತಿದಾನೆ?"

ಊಟಕ್ಕೆ ಕೂತಾಗ ಅಮ್ಮನಿಗೂ ಅದೇ ಪ್ರಶ್ನೆ ಹೋಯಿತು. ಅಮ್ಮ ಸಾರು ಬಡಿಸುತ್ತಾ, "ಕಾರು ಹೆಂಡ್ತಿ ಕಡೆಯೋರು ಕೊಟ್ಟಿದ್ದಿರಬೇಕು, ಅದಕ್ಕೇ ಹೊರಗೆ ತೆಗೆಯಲ್ಲ" ಎಂದಳು. ಅಪ್ಪ ತಮ್ಮ ಮದುವೆಯಲ್ಲಿ ಮಾವ ಕೊಟ್ಟಿದ್ದ ಕೈಗಡಿಯಾರವನ್ನು ಮಾರನೆಯ ದಿನದಿಂದ ಕಟ್ಟಿಕೊಂಡು ಹೋಗತೊಡಗಿದರು.

೨. ಬಿಳಿ ಕಾಲಿನ ಕುದುರೆ

ಐವತ್ತು ಚಿಲ್ಲರೆ ವರ್ಷ ದಾಟಿ ಕಳೆದ ವರ್ಷಕ್ಕೆ ಬನ್ನಿ. ಆ ಕಾರನ್ನೇ ಸಿಂಗಾಪುರದಲ್ಲಿ ನಲವತ್ತು ವರ್ಷ ಮಾರಿದ ಒಬ್ಬ ಹಳೆಯ ಚೀನೀ ವ್ಯಾಪಾರಿ ನಮ್ಮ ಆಫೀಸಿಗೆ ಬಂದರು. ಇಲ್ಲಿ ಅಂಥ ಹಿರಿಯ ವ್ಯಾಪಾರಿಗಳನ್ನು ಟೌಕೇ ಎನ್ನುತ್ತಾರೆ. ಅವರ ಗೋಡೌನಿನಲ್ಲಿ ಆರು ರೀಲು ಸಿಕ್ಕಿದ್ದವಂತೆ. ಜಾಹೀರಾತು ಸಮೇತ ಅವೇ ಕೌಬಾಯ್ ಕಾರ್ಯಕ್ರಮಗಳು. ಅಂಗಡಿಯ ವಾರ್ಷಿಕೋತ್ಸವದಲ್ಲಿ ಹಳೆಯ ಗಿರಾಕಿಗಳನ್ನು ಕರೆದು ತೋರಿಸಬೇಕೆಂದು ಅವರ ಆಸೆ.

ನಮ್ಮ ಬಾಸ್ ಮೂವತ್ತೆರಡು ವರ್ಷದ ಚೀನೀ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ಆಕೆ ನನ್ನನ್ನು ಕರೆದು, "ಅಂಕಲ್, ಇದು ನಿಮ್ಮ ಕಾಲದ್ದು, ನೀವೇ ಮಾಡಿ. ಚೆನ್ನಾಗಿ ಆದ್ರೆ ನಿಮ್ಮ ಕಾಂಟ್ರಾಕ್ಟ್ ಬಗ್ಗೆ ಮಾತಾಡೋಣ" ಎಂದಳು. ಚೆನ್ನಾಗಿ ಆಗದಿದ್ದರೆ ಏನೆಂದು ಆಕೆಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೆಲಸ ಶುರುವಾಯಿತು. ರೀಲನ್ನು ನೋಡುತ್ತಾ ಎಲ್ಲೆಲ್ಲಿ ಗೀರಿದೆ, ಎಲ್ಲೆಲ್ಲಿ ಕಲೆಯಿದೆ ಎಂದು ಸಮಯದೊಂದಿಗೆ ಪಟ್ಟಿ ಮಾಡಬೇಕು. ನಾನು ಕೂತು ನೋಡುವವನಲ್ಲ, ಪರದೆಯ ಮುಂದೆ ಶತಪಥ ತಿರುಗುತ್ತಾ ನೋಡಿದೆ. ಎರಡು ದಿನದಲ್ಲಿ ಹದಿನಾಲ್ಕು ಪುಟದ ಪಟ್ಟಿ ಕೊಟ್ಟೆ. ಬಾಸ್ ಓದುತ್ತಾ ಹೋದವಳು ಮೂರನೇ ಪುಟದಲ್ಲಿ ನಿಂತಳು.

"ಅಂಕಲ್, ಇದೇನಿದು? 'ಹೀರೋ ಬಿಳಿ ಕಾಲಿನ ಕುದುರೆ ಹತ್ತಿ ಬೆಟ್ಟದ ಹಿಂದೆ ಹೋದ. ಈಚೆ ಬಂದಾಗ ಕುದುರೆಯ ಕಾಲು ಕಪ್ಪು.'"

"ಹೌದು. ಕುದುರೆ ಬದಲಾಗಿದೆ."

"ಇದು ರೀಲಿನ ಡಿಫೆಕ್ಟ್ ಅಲ್ಲ ಲಾ!" ಸಿಂಗಾಪುರದವರ ಮಾತಿನ ಬಾಲಕ್ಕೆ ಈ 'ಲಾ' ಅಂಟಿಕೊಂಡೇ ಇರುತ್ತದೆ.

"ನಂಗೊತ್ತು. ಆದ್ರೆ ಏಳು ವರ್ಷದೋನಿದ್ದಾಗಿಂದ ಇದನ್ನ ಯಾರಿಗಾದ್ರೂ ಕಂಪ್ಲೇಂಟ್ ಮಾಡ್ಬೇಕು ಅಂತ ಕಾಯ್ತಾ ಇದ್ದೆ."

ಹದಿನಾಲ್ಕು ಪುಟದಲ್ಲಿ ನಿಜವಾದ ಗೀರು, ಕಲೆಗಳು ಒಂದೂವರೆ ಪುಟ ಇದ್ದವು. ಉಳಿದದ್ದನ್ನು ಬಾಸ್ ಮಡಿಸಿ ನನ್ನ ಕೈಗೇ ಕೊಟ್ಟು, "ಇದನ್ನ ಕುದುರೆಗೆ ಕಳಿಸಿ" ಎಂದಳು.

೩. ಹದಿನಾಲ್ಕು ದಿನದ ರಿಟೈರ್‌ಮೆಂಟ್

ಸ್ಕ್ಯಾನ್ ಶುರುವಾಗುವ ಮೊದಲು ಬಾಸ್ ಇನ್ನೊಂದು ಬಾಂಬು ಹಾಕಿದಳು. ನನ್ನ ರಜೆ ಬಹಳ ಉಳಿದಿತ್ತಂತೆ. ಎರಡು ವಾರ ಕಡ್ಡಾಯವಾಗಿ ತೆಗೆದುಕೊಳ್ಳಬೇಕಂತೆ. ನನಗೆ ಅದು ರಜೆಯಂತೆ ಕಾಣಲಿಲ್ಲ, ರಿಹರ್ಸಲ್‌ನಂತೆ ಕಂಡಿತು.

ಚೋವಾ ಚು ಕಾಂಗ್‌ನಲ್ಲಿ ನಮ್ಮದು ಮೂರು ರೂಮಿನ ಮನೆ. ಹೆಂಡತಿ ಒಂದು ರೂಮಿನಲ್ಲಿ ಆನ್‌ಲೈನ್ ಸಂಗೀತ ಪಾಠ ಹೇಳಿಕೊಡುತ್ತಾಳೆ. ಮೊದಲ ದಿನ ನಾನು ಅಡುಗೆಮನೆಯ ಡಬ್ಬಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿದೆ. ಎರಡನೇ ದಿನ ಅವಳು ಅವನ್ನು ವಾಪಸ್ ಜೋಡಿಸಿದಳು. ಮೂರನೇ ದಿನದಿಂದ ಊಟ ತಿಂಡಿಯ ಮುಂಚೆ ಹಳೆಯ ಟಿವಿಯವರ ಧಾಟಿಯಲ್ಲಿ, "ಈ ಉಪ್ಪಿಟ್ಟನ್ನು ನಿಮಗೆ ಅರ್ಪಿಸುತ್ತಿರುವವರು..." ಎಂದು ಶುರು ಮಾಡಿದೆ. ಐದನೇ ದಿನ ಅವಳ ಪಾಠದ ನಡುವೆ ಹಾದುಹೋಗುತ್ತಾ ಅದನ್ನೇ ಅಂದುಬಿಟ್ಟೆ. ಮೆಲ್ಬರ್ನ್‌ನಲ್ಲಿದ್ದ ಶಿಷ್ಯೆಯೊಬ್ಬಳು ಮೋಹನ ರಾಗದ ಪ್ರಾಯೋಜಕರು ಯಾರು ಎಂದು ಕೇಳಿದಳಂತೆ.

ಅವತ್ತಿನಿಂದ ಹೆಂಡತಿ ನನ್ನನ್ನು ಅಂಗಡಿಗೆ ಅಟ್ಟತೊಡಗಿದಳು. ಬೆಳಿಗ್ಗೆ ಕೊತ್ತಂಬರಿ ಸೊಪ್ಪು. ತಂದುಕೊಟ್ಟೆ. ಮಧ್ಯಾಹ್ನ ಹಸಿಮೆಣಸಿನಕಾಯಿ. ತಂದುಕೊಟ್ಟೆ.

"ಕರಿಬೇವೂ ಇಲ್ವಲ್ಲೇ, ಒಂದೇ ಸಲ ಹೇಳ್ಬಾರ್ದಾ?"

"ಗೊತ್ತು ರೀ. ಅದನ್ನ ಸಾಯಂಕಾಲಕ್ಕೆ ಅಂತ ಇಟ್ಟಿದೀನಿ."

ಹದಿಮೂರನೇ ದಿನ ಬಾಸ್ ಫೋನ್ ಮಾಡಿ ನಾಳೆಯೇ ಬನ್ನಿ ಎಂದಳು. ನಾನಿಲ್ಲದೆ ಆಫೀಸು ನಡೆಯುತ್ತಿಲ್ಲವೆಂದು ಹಿಗ್ಗಿದೆ. ನಿಜ ಗೊತ್ತಾದದ್ದು ಆಫೀಸಿಗೆ ಹೋದ ಮೇಲೆ. ಹೆಂಡತಿಯೇ ಆಕೆಗೆ ಫೋನ್ ಮಾಡಿದ್ದಳು. "ಇನ್ನೊಂದು ದಿನ ರಜಾ ಇದೆ ಅಂತಾರೆ. ಅದು ಬೇಡಮ್ಮಾ, ಕರ್ಕೊಂಬಿಡು. ಆ ದಿನದ್ದು ಸಂಬಳ ಕೊಡ್ದಿದ್ರೂ ಪರವಾಗಿಲ್ಲ" ಅಂದಿದ್ದಳಂತೆ.

೪. ಆರು ಮನೆಗೆ ಒಂದು ಕಾರು

ಅಷ್ಟರಲ್ಲಿ ಆಯುಧ ಪೂಜೆ ಬಂತು. ಸಿಂಗಾಪುರದಲ್ಲಿ ಕಾರಿಗಿಂತ ಕಾರು ಇಟ್ಟುಕೊಳ್ಳುವ ಪರವಾನಗಿಯೇ ದುಬಾರಿ. ಹಾಗಾಗಿ ನಮ್ಮ ಬ್ಲಾಕಿನ ಆರು ಕನ್ನಡ ಮನೆಗಳಲ್ಲಿ ಕಾರಿರುವುದು ಒಬ್ಬರಿಗೇ, ಹುಬ್ಬಳ್ಳಿ ಕಡೆಯ ಎಂಜಿನಿಯರಿಗೆ. ಹಬ್ಬ ಬಂತೆಂದರೆ ಆರೂ ಮನೆಯವರಿಗೆ ಪೂಜೆಗೆ ಅದೊಂದೇ ಕಾರು.

ಬೆಳಿಗ್ಗೆ ಆರೂವರೆಗೆ ಪಾರ್ಕಿಂಗ್ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಸೇರಿದೆವು. ಬೂದುಗುಂಬಳ ಒಡೆದು ನೆಲ ಗಲೀಜು ಮಾಡಿದರೆ ದಂಡ. ಅದಕ್ಕೇ ಅದನ್ನು ಕಾರಿಗೆ ಮೂರು ಸಲ ಇಳಿತೆಗೆದು, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಅಲ್ಲೇ ಹಲಗೆಯಿಟ್ಟು ನೀಟಾಗಿ ಹೋಳು ಮಾಡಿದರು. ಆಮೇಲೆ ಆರು ಮನೆಯ ಹೆಂಗಸರೂ ಒಬ್ಬೊಬ್ಬರಾಗಿ ಅರಿಶಿನ ಕುಂಕುಮ ಹಚ್ಚಿದರು. ಯಾರ ಮನೆಯದೂ ಕಡಿಮೆಯಾಗಬಾರದಲ್ಲ. ಬಾನೆಟ್ಟು ತುಂಬಿತು, ಬಾಗಿಲು ತುಂಬಿತು, ಕೊನೆಗೆ ಮುಂದಿನ ಗಾಜೂ ತುಂಬಿತು. ಅದರ ಮೇಲೆ ಆರು ಹೂವಿನ ಹಾರ.

ದಿನವೂ ನಮ್ಮ ಜೊತೆ ಬೆಂಗಳೂರಿನವರ ಹಾಗೇ ಮಾತಾಡುವ ಎಂಜಿನಿಯರು ಸೀಟಿನಲ್ಲಿ ಕೂತು ಹೊರಗೆ ನೋಡಿದವರೇ ಊರ ಮಾತಿಗೆ ಇಳಿದರು. "ಏನ್ರೀ ಇದು! ರಸ್ತೆ ಎಲ್ಲೈತಿ ಅಂತ ಕಾಣವಲ್ದು!"

"ಹಾಗಂತ ಇವತ್ತು ಒರೆಸಬಾರದು" ಎಂದರು ಆರೂ ಹೆಂಗಸರು ಒಟ್ಟಿಗೆ. ಬ್ಲಾಕಿನಲ್ಲಿ ಕಾರಿದ್ದ ಏಕೈಕ ಕನ್ನಡಿಗರು ಅವತ್ತು ನಮ್ಮ ಜೊತೆ ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡು ಆಫೀಸಿಗೆ ಹೋದರು.

೫. ಬೊಟ್ಟು

ಉಳಿದ ಕುಂಕುಮವನ್ನು ಪೊಟ್ಟಣ ಕಟ್ಟಿ ಹೆಂಡತಿ ನನ್ನ ಜೇಬಿಗೆ ಹಾಕಿದ್ದಳು. ಆಫೀಸಿಗೆ ಹೋದವನು ನನ್ನ ಆಯುಧ ಯಾವುದು ಎಂದು ಯೋಚಿಸಿದೆ. ಸ್ಕ್ಯಾನರೇ ತಾನೆ? ಕಾಂಟ್ರಾಕ್ಟ್ ಉಳಿಸಬೇಕಾದದ್ದೂ ಅದೇ. ಬೆರಳಿಗೆ ನೀರು ಮುಟ್ಟಿಸಿ, ಕುಂಕುಮ ಅದ್ದಿ, ಮೆಷಿನ್ನಿನ ನೆತ್ತಿಗೆ ಭಕ್ತಿಯಿಂದ ಒಂದು ಬೊಟ್ಟಿಟ್ಟೆ. ಕೈ ಮುಗಿದೆ. "ಇನ್ನೊಂದು ವರ್ಷ ಕಾಪಾಡಪ್ಪಾ" ಎಂದೆ.

ಸ್ಕ್ಯಾನರಿನಲ್ಲಿ ಒಂದು ಪುಟ್ಟ ಗಾಜಿದೆ. ರೀಲು ಅದರ ಮೇಲೆ ಸರಿಯುತ್ತದೆ, ಕ್ಯಾಮೆರಾ ಒಂದೊಂದೇ ಚಿತ್ರ ತೆಗೆಯುತ್ತದೆ. ನನ್ನ ಬೆರಳಿನಿಂದ ಸಾಸಿವೆಗಿಂತ ಸಣ್ಣ ಹನಿಯೊಂದು ಆ ಗಾಜಿನ ಮೇಲೆ ಬಿದ್ದದ್ದು ನನಗೆ ಕಾಣಲಿಲ್ಲ. ಆರೂ ರೀಲುಗಳು ಅದರ ಮೇಲೆ ಓಡಿದವು. ಮುಗಿದ ಮೇಲೆ ನಾನು ಕೂತು ಪೂರ್ತಿ ನೋಡಿ ಸಹಿ ಹಾಕಬೇಕಿತ್ತು. ನೂರು ಸಲ ನೋಡಿದ್ದೇ ಅಲ್ಲವೇ ಎಂದುಕೊಂಡೆ. ಕಾಲು ಬೇರೆ ಹೊರಗೆ ಎಳೆಯುತ್ತಿತ್ತು. ಸಹಿ ಹಾಕಿ ವಾಕಿಂಗ್ ಹೊರಟೆ.

ಮಾರನೆಯ ದಿನ ಟೌಕೇ ಬಂದರು. ಕತ್ತಲು ಕೋಣೆಯಲ್ಲಿ ಅವರು, ಬಾಸ್, ನಾನು. ಶುರುವಿನಲ್ಲಿ ವಿಶಾಲ ಬಯಲು. ಮೇಲೆ ಆಕಾಶದಲ್ಲಿ ಒಂದು ಕರಿ ಚುಕ್ಕೆ. ಹದ್ದಿರಬೇಕು ಎಂದುಕೊಂಡೆ. ಹೀರೋ ಬಂದು ಹೆಂಗಸೊಬ್ಬಳ ಮುಂದೆ ಮರ್ಯಾದೆಯಿಂದ ಟೋಪಿ ತೆಗೆದ. ಹಣೆಯ ನಟ್ಟನಡುವೆ ದುಂಡನೆಯ ಬೊಟ್ಟು! ನಮ್ಮ ಹಳೆಯ ಕಪ್ಪು ಬಿಳುಪು ಸಿನಿಮಾಗಳಲ್ಲಿ ಕುಂಕುಮ ಕಪ್ಪಾಗಿ ಕಾಣುತ್ತಿತ್ತಲ್ಲ, ಥೇಟ್ ಹಾಗೇ. ಆ ಹೆಂಗಸಿಗೂ ಬೊಟ್ಟು. ಬಾಗಿಲು ಒದ್ದುಕೊಂಡು ಬಂದ ಖಳನಾಯಕನೂ ಮುತ್ತೈದೆಯ ಹಾಗೆ ಬೊಟ್ಟಿಟ್ಟುಕೊಂಡೇ ಬಂದ. ಕುದುರೆ ನಮ್ಮ ಕಡೆ ಮುಖ ತಿರುಗಿಸಿತು. ಅದಕ್ಕೂ ಬಿಟ್ಟಿರಲಿಲ್ಲ.

ಬಾಸ್ ಮೆಲ್ಲಗೆ ನನ್ನ ಕಡೆ ತಿರುಗಿದಳು. ಆಕೆಯ ಕಣ್ಣು ನನ್ನ ಹಣೆಯ ಮೇಲೆ ನಿಂತಿತು. ವಿಜಯದಶಮಿಯ ಪೂಜೆ ಮುಗಿಸಿ ಬಂದಿದ್ದೆನಲ್ಲ, ಅಲ್ಲೂ ಅದೇ ಬೊಟ್ಟು, ಅದೇ ಜಾಗದಲ್ಲಿ. ಇನ್ನು ವಿಚಾರಣೆಯೇ ಬೇಕಿರಲಿಲ್ಲ. ಡಿಸೆಂಬರು ಅಲ್ಲೇ, ಆ ಕೋಣೆಯಲ್ಲೇ ಬಂದು ಕೂತಂತಾಯಿತು. ಇನ್ನು ಬಾಳೆಲ್ಲ ಬೆಳಿಗ್ಗೆ ಕೊತ್ತಂಬರಿ, ಸಾಯಂಕಾಲ ಕರಿಬೇವು. ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಜಾಹೀರಾತು ಬಂತು. ಆ ಉದ್ದನೆಯ ಹೊಸ ಕಾರು, ನಾನು ಗೇಟಿನ ಸರಳು ಹಿಡಿದು ನೋಡಿದ ಅದೇ ಕಾರು, ಹೊಳೆಯುತ್ತಾ ಬಂದು ನಿಂತಿತು. ಬಾನೆಟ್ಟಿನ ನಡುವೆ, ಅಳತೆ ತೆಗೆದು ಇಟ್ಟ ಹಾಗೆ, ಬೊಟ್ಟು.

"ಸ್ಟಾಪ್!" ಎಂದರು ಟೌಕೇ. ಚಿತ್ರ ನಿಂತಿತು. ಅವರು ಎದ್ದು ಪರದೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಬಾನೆಟ್ಟನ್ನು ನೋಡಿದರು. ಆಮೇಲೆ ಬಗ್ಗಿ ಚಕ್ರಗಳನ್ನು ನೋಡಿದರು. ನನ್ನ ಕಡೆ ತಿರುಗಿದರು.

"ಬೊಟ್ಟು ಇದೆ. ನಿಂಬೆಹಣ್ಣು ಎಲ್ಲಿ?"

ನಾನು ಕಕ್ಕಾಬಿಕ್ಕಿಯಾದೆ. ಅವರು ಗಹಗಹಿಸಿ ನಗತೊಡಗಿದರು. "ನಲವತ್ತು ವರ್ಷ ಇಂಡಿಯನ್ನರಿಗೆ ಕಾರ್ ಮಾರಿದೀನಿ ಲಾ! ಪ್ರತಿ ಡೆಲಿವರಿಗೂ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಯಾರಾದ್ರೂ ಮರೆತು ಬಂದ್ರೆ ಅಂತ ನನ್ನ ಡ್ರಾಯರಲ್ಲೇ ಇಟ್ಟಿರ್ತಿದ್ದೆ. ಕೌಬಾಯ್‌ಗೆ ಮಾತ್ರ ಬೊಟ್ಟಿಟ್ಟು ನಿಂಬೆಹಣ್ಣು ಮರೆತಿದ್ದೀರಿ!" ಪಾರ್ಟಿಗೆ ಬರುವ ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ನಮ್ಮವರೇ ಅಂತೆ. ಅವರಿಗೆ ಬೊಟ್ಟಿನ ಕಾರನ್ನೇ ತೋರಿಸುವುದು, ಬೊಟ್ಟಿಲ್ಲದ್ದನ್ನು ಆಮೇಲೆ ಮಾಡಿಕೊಡಿ ಎಂದು ಹೇಳಿ, ಕಣ್ಣೊರೆಸಿಕೊಳ್ಳುತ್ತಾ ಹೋದರು. ಬಾಸ್ ಮಾತ್ರ ನಗಲಿಲ್ಲ. ಗಾಜನ್ನು ತಾನೇ ಒರೆಸಿ, ಬಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ವಾರದ ನಂತರ ಕಾಂಟ್ರಾಕ್ಟಿನ ಕಾಗದ ಬಂತು. ಹಾಗೇ ಮನೆಗೆ ತಂದೆ. ಒಡೆಯುವ ಧೈರ್ಯ ನನಗಿರಲಿಲ್ಲ, ಹೆಂಡತಿಯ ಕೈಗೆ ಕೊಟ್ಟೆ. ಅವಳು ಓದಿ ಕಾಗದವನ್ನು ಕಣ್ಣಿಗೊತ್ತಿಕೊಂಡಳು. "ಒಂದು ವರ್ಷ ಕೊಟ್ಟಿದಾರೆ ರೀ!" ನನಗೆ ಕುಣಿಯುವಂತಾಯಿತು. ಇಬ್ಬರೂ ಇಷ್ಟು ಖುಷಿಯಾಗಿದ್ದದ್ದು ನಮ್ಮ ಮದುವೆಯ ದಿನವೂ ನೆನಪಿಲ್ಲ.

ಆಮೇಲೆ ಅವಳು ಕೆಳಗೆ ಬಾಸ್ ಕೈಬರಹದಲ್ಲಿ ಸೇರಿಸಿದ್ದ ಒಂದು ಸಾಲನ್ನು ಓದಿದಳು. ಆಯುಧ ಪೂಜೆಯ ದಿನ ನಾನು ಕಡ್ಡಾಯವಾಗಿ ರಜೆಯ ಮೇಲಿರಬೇಕು ಎಂದಿತ್ತು. ಅವಳ ಮುಖ ಇಳಿಯಿತು.

"ಅಂದ್ರೆ ಆವತ್ತು ಪೂರ್ತಿ ಮನೇಲೇ ಇರ್ತೀರಾ?"

"ಹೂಂ."

ಅವಳು ಫೋನ್ ಎತ್ತಿಕೊಂಡಳು.

"ಯಾರಿಗೇ?"

"ನಿಮ್ಮ ಬಾಸ್‌ಗೆ. ಅರ್ಧ ದಿನ ಮಾಡ್ತಾಳಾ ಅಂತ ಕೇಳ್ತೀನಿ."